ಗೊಂಬೆ ದಂಡು: ಮಿನಿಯೇಚರ್ ಸೈನ್ಯ ಕಟ್ಟುವವರು, ಬಣ್ಣ ಹಚ್ಚುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೇಜಿನ ಮೇಲಿನ ಯುದ್ಧದಾಟಕ್ಕೆ ದಂಡು ಕಟ್ಟಲು ಹೊರಟ ಹಾಸನ, ಚಿಕ್ಕಮಗಳೂರು ಜಿಲ್ಲೆಯವರಿಗಾಗಿ ಈ ಪುಟ. ಹೊರದೇಶದ ವಿಡಿಯೊಗಳಲ್ಲಿ ತೋರಿಸುವ ಕ್ರಮದಲ್ಲಿ ತಪ್ಪೇನಿಲ್ಲ. ಆದರೆ ಅವರು ಕೂತಿರುವುದು ಹೀಟರ್ ಹಾಕಿದ ಒಣ ಕೋಣೆಯಲ್ಲಿ. ಆಷಾಢದಲ್ಲಿ ಮೂಡಿಗೆರೆಯ ಜಗಲಿ ಮೇಲೆ ಕೂತು ಅದನ್ನೇ ಮಾಡಿದರೆ ವಾರ್ನಿಷ್ ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ಹಾಗಾಗಿ ಇಲ್ಲಿನ ಉತ್ತರಗಳಲ್ಲಿ ಅರ್ಧದಷ್ಟು ತೇವದ ಮಾತೇ.

ಯಾವ ಅಳತೆಯ ಗೊಂಬೆ ತಗೊಳ್ಳಲಿ? 28 ಮಿ.ಮೀ, 1/72, 15 ಮಿ.ಮೀ ಅಂತೆಲ್ಲ ಇದೆಯಲ್ಲ?

28 ಮಿ.ಮೀ ಅಂದರೆ ಅಂಗಾಲಿನಿಂದ ಕಣ್ಣಿನ ಮಟ್ಟಕ್ಕೆ ಹೆಚ್ಚುಕಮ್ಮಿ ಅಷ್ಟು ಎತ್ತರ. ತಲೆ, ಕೈ ಸ್ವಲ್ಪ ದಪ್ಪವಾಗಿರುತ್ತವೆ, ಆದ್ದರಿಂದ ಮೀಸೆ, ಹಾರ, ಕಣ್ಣು ಎಲ್ಲ ಬರೆಯಬಹುದು. ಬೆಲೆ ಮಾತ್ರ ಜಾಸ್ತಿ. 1/72 ಅಂದರೆ ಐದಡಿ ಎಂಟಂಗುಲದ ಆಳನ್ನು 24 ಮಿ.ಮೀಗೆ ಇಳಿಸಿದ್ದು. ಒಂದು ಡಬ್ಬದಲ್ಲಿ ನಲವತ್ತರ ಆಸುಪಾಸು ಕಾಲಾಳು, ಇಲ್ಲವೇ ಹನ್ನೆರಡರ ಆಸುಪಾಸು ಸವಾರರು ಬರುತ್ತಾರೆ. ಇದ್ದುದರಲ್ಲಿ ಅಗ್ಗ. ತೊಂದರೆ ಏನೆಂದರೆ ಬಹುಪಾಲು 1/72 ಗೊಂಬೆಗಳು ಮೆತ್ತನೆಯ ಪ್ಲಾಸ್ಟಿಕ್‌ನವು. ಈಟಿ ಬಗ್ಗುತ್ತದೆ, ಬಗ್ಗಿದ ಕಡೆ ಬಣ್ಣ ಚಕ್ಕೆ ಏಳುತ್ತದೆ. 15 ಮಿ.ಮೀ ಗೊಂಬೆಗಳು ಹೆಚ್ಚಾಗಿ ಲೋಹದವು. ಚಿಕ್ಕ ಮೇಜಿನ ಮೇಲೆ ದೊಡ್ಡ ಕಾಳಗ ನಡೆಸಲು ಹೇಳಿ ಮಾಡಿಸಿದಂಥವು.

ಬಣ್ಣ ಹಚ್ಚುವುದರಲ್ಲೇ ಖುಷಿ ಅನ್ನುವವರಿಗೆ 28, ಆಡುವುದೇ ಮುಖ್ಯ ಅನ್ನುವವರಿಗೆ 15. ಕೈ ಕುದುರುವವರೆಗೆ 1/72ನ ಒಂದು ಡಬ್ಬ ತಂದು ಕೆಡಿಸಿದರೂ ನಷ್ಟವೇನಿಲ್ಲ. ಒಂದೇ ದಂಡಿನಲ್ಲಿ ಎರಡು ಅಳತೆ ಮಾತ್ರ ಬೆರೆಸಬೇಡಿ. 28ರ ಪಕ್ಕ 1/72 ನಿಂತರೆ ಅಪ್ಪ ಮಗನಂತೆ ಕಾಣುತ್ತದೆ.

ಮೊದಲ ದಂಡಿಗೆ ಎಷ್ಟು ಗೊಂಬೆ ಬೇಕು?

ನೀವು ಅಂದುಕೊಂಡದ್ದರ ಅರ್ಧ. ಐತಿಹಾಸಿಕ ಆಟ ಬೇಕಿದ್ದರೆ ಡಿಬಿಎ (ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್) ನಿಯಮಾವಳಿ ಒಳ್ಳೆಯ ಆರಂಭ. 1990ರಲ್ಲಿ ಮೊದಲು ಬಂದದ್ದು, ಒಂದು ಪಕ್ಷಕ್ಕೆ 12 ತಳ (ಗೊಂಬೆಗಳನ್ನು ಗುಂಪಾಗಿ ಅಂಟಿಸುವ ತಟ್ಟೆ) ಮಾತ್ರ, ಎರಡಡಿ ಚೌಕದ ಹಲಗೆ ಸಾಕು. 15 ಮಿ.ಮೀ ಗೊಂಬೆಗೆ ಪ್ರತಿ ತಳದ ಅಗಲ 40 ಮಿ.ಮೀ, 25–28 ಮಿ.ಮೀ ಗೊಂಬೆಗೆ 60 ಮಿ.ಮೀ. 1/72ಗೆ ಯಾವುದಾದರೂ ಸರಿ, ಎದುರಾಳಿಯದ್ದೂ ಅದೇ ಅಗಲ ಇರಬೇಕು ಅಷ್ಟೆ.

ಹೊಯ್ಸಳ ದಂಡಿಗೆ ಹೀಗೊಂದು ಲೆಕ್ಕ: ಆನೆ 2 ತಳ, ತಳಕ್ಕೊಂದರಂತೆ 2. ಕುದುರೆ 3 ತಳ, ತಳಕ್ಕೆ ಮೂರರಂತೆ 9. ಕತ್ತಿ-ಗುರಾಣಿಯವರು 4 ತಳ, ನಾಲ್ಕರಂತೆ 16. ಬಿಲ್ಲಾಳು 2 ತಳ, 8. ಚದುರಿ ಹೊಡೆಯುವವರು 1 ತಳ, 2. ಒಟ್ಟು ಎರಡು ಆನೆ, ಒಂಬತ್ತು ಕುದುರೆ, ಇಪ್ಪತ್ತಾರು ಕಾಲಾಳು. ನಿಯಮಾವಳಿಯ ಪಟ್ಟಿ ನೋಡಿ ಒಂದೆರಡು ತಳ ಆಚೀಚೆ ಮಾಡಿಕೊಳ್ಳಿ. ದಿನಕ್ಕೊಂದು ಗಂಟೆ ಕೊಡುವವರಿಗೆ ಇದು ಮುಗಿಯುವ ಗಾತ್ರ. ಇನ್ನೂರು ಗೊಂಬೆ ತಂದಿಟ್ಟುಕೊಂಡವರ ಅಟ್ಟದಲ್ಲಿ ಇನ್ನೂರೂ ಬೂದು ಬಣ್ಣದಲ್ಲೇ ಇರುತ್ತವೆ.

ನನಗೆ ವಾರ್‌ಹ್ಯಾಮರ್ ಬೇಕು. ಅದಕ್ಕೂ ಇದೇ ಕ್ರಮವೇ?

ಬಣ್ಣದ ಕೆಲಸ ಅದೇ. ವಾರ್‌ಹ್ಯಾಮರ್ 40,000 ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಗೇಮ್ಸ್ ವರ್ಕ್‌ಶಾಪ್ ಕಂಪನಿಯದು, 1987ರಲ್ಲಿ ಶುರುವಾಯಿತು. ಗೊಂಬೆಗಳ ಬಲಕ್ಕೆ ಪಾಯಿಂಟ್ ಲೆಕ್ಕವಿದೆ, ಪೂರ್ಣ ಪ್ರಮಾಣದ ಆಟ 2,000 ಪಾಯಿಂಟ್‌ನದು, 44 ಇಂಚು ಅಗಲ, 60 ಇಂಚು ಉದ್ದದ ಮೇಜು ಬೇಕು. ನಮ್ಮ ಮನೆಗಳ ಊಟದ ಮೇಜು ಅಷ್ಟು ದೊಡ್ಡದಿರುವುದಿಲ್ಲ. ಅದೇ ಲೋಕದ ಚಿಕ್ಕ ಆಟ ಕಿಲ್ ಟೀಮ್‌ಗೆ 22 ಇಂಚು ಅಗಲ, 30 ಇಂಚು ಉದ್ದ ಸಾಕು, ಗೊಂಬೆಯೂ ಸಾಮಾನ್ಯವಾಗಿ ಒಂದು ಡಬ್ಬದಷ್ಟೇ. ಅಲ್ಲಿಂದ ಶುರು ಮಾಡಿ. ಇರುವ ಗೊಂಬೆಯಲ್ಲೇ ಸರಳ ನಿಯಮ ಹಿಡಿದು ಆಡಬೇಕು ಅನ್ನುವವರಿಗೆ ಒನ್ ಪೇಜ್ ರೂಲ್ಸ್‌ನವರ ಮೂಲ ನಿಯಮಗಳು ಪುಕ್ಕಟೆ ಸಿಗುತ್ತವೆ.

ಊರಲ್ಲೇ ಏನೇನು ಸಿಗುತ್ತದೆ, ಏನನ್ನು ತರಿಸಲೇಬೇಕು?

ತರಿಸಲೇಬೇಕಾದ್ದು ಎರಡೇ: ಗೊಂಬೆ, ಮತ್ತು ತುದಿ ನೆಟ್ಟಗೆ ಕೂಡುವ ಒಂದು ಒಳ್ಳೆಯ ಕುಂಚ. ಉಳಿದದ್ದು ಸ್ಟೇಷನರಿ, ಹಾರ್ಡ್‌ವೇರ್ ಅಂಗಡಿಗಳಲ್ಲೇ ಆಗುತ್ತದೆ.

ಕ್ಯಾಮ್ಲಿನ್ ಆಕ್ರಿಲಿಕ್‌ನಲ್ಲಿ ಕಪ್ಪು, ಬಿಳಿ, ಬರ್ಂಟ್ ಅಂಬರ್, ಬರ್ಂಟ್ ಸಿಯೆನ್ನ, ಯೆಲ್ಲೋ ಓಕರ್, ಕಡುಗೆಂಪು, ಕಡುನೀಲಿ, ಹಸಿರು, ಬೆಳ್ಳಿ, ಚಿನ್ನ, ಈ ಹತ್ತು ಸಾಕು. ಬಟ್ಟೆಗೆ ಬಳಿಯುವ ಫೆವಿಕ್ರಿಲ್ ಹೊಳಪಾಗಿಯೂ ದಪ್ಪವಾಗಿಯೂ ಇರುತ್ತದೆ. ಮುಖಕ್ಕೆ ಬೇಡ, ತಳಕ್ಕೆ, ಮನೆ-ಕೋಟೆಗೆ ಚೆನ್ನ. ಡ್ರಾಪರ್ ಬಾಟಲಿಯಲ್ಲಿ ಬರುವ ವ್ಯಾಲೆಹೊ ತರಹದ ಬಣ್ಣದಲ್ಲಿ ಕಣ ನುಣುಪು, ಮ್ಯಾಟ್ ಆಗಿ, ಅಂದರೆ ಹೊಳಪಿಲ್ಲದೆ ಒಣಗುತ್ತದೆ. ಅದನ್ನು ಕಂತಿನಲ್ಲಿ ಸೇರಿಸಿಕೊಳ್ಳುತ್ತ ಹೋಗಿ, ಮೊದಲು ಮೈಬಣ್ಣದವು, ಆಮೇಲೆ ಬಿಳಿ.

ಜೊತೆಗೆ ಕ್ರಾಫ್ಟ್ ಚಾಕು, ಸಣ್ಣ ಕಟರ್, ಫೆವಿಕ್ವಿಕ್, ಫೆವಿಕಾಲ್, ಎಂ-ಸೀಲ್, ಹಳೆಯ ಟೂತ್‌ಬ್ರಶ್, 6500ಕೆ ಎಂದು ಬರೆದಿರುವ ಬಿಳಿ ಬೆಳಕಿನ ಎಲ್‌ಇಡಿ ಬಲ್ಬು ಎರಡು. ಒಂದು ಎಡಕ್ಕೆ, ಒಂದು ಬಲಕ್ಕೆ. ಒಂದೇ ದೀಪ ಇದ್ದರೆ ನಿಮ್ಮ ಕೈಯ ನೆರಳೇ ಗೊಂಬೆಯ ಮುಖದ ಮೇಲೆ ಕೂರುತ್ತದೆ. ಹಳದಿ ಬಲ್ಬಿನಲ್ಲಿ ಹಚ್ಚಿದ ನೀಲಿ, ಬೆಳಗಾದ ಮೇಲೆ ನೋಡಿದರೆ ಬೇರೆಯೇ ನೀಲಿ.

ಯಾವುದಕ್ಕೆ ಯಾವ ಅಂಟು?

ಗಟ್ಟಿ ಪ್ಲಾಸ್ಟಿಕ್ ಗೊಂಬೆಗಳು ಪಾಲಿಸ್ಟೈರೀನ್‌ನವು. ಇವಕ್ಕೆ ಪ್ಲಾಸ್ಟಿಕ್ ಸಿಮೆಂಟ್. ಅದು ಅಂಟುವುದಿಲ್ಲ, ಎರಡೂ ಮೇಲ್ಮೈಯನ್ನು ಕರಗಿಸಿ ಬೆಸೆಯುತ್ತದೆ. ರೆಸಿನ್, ಲೋಹ, 3ಡಿ ಪ್ರಿಂಟರಿನಲ್ಲಿ ತೆಗೆದ ಪಿಎಲ್‌ಎ ಪ್ರಿಂಟ್‌ಗಳಿಗೆ ಅದು ಹತ್ತುವುದಿಲ್ಲ, ಅವಕ್ಕೆ ಫೆವಿಕ್ವಿಕ್ ಜಾತಿಯ ಅಂಟು.

ಫೆವಿಕ್ವಿಕ್ ಗಟ್ಟಿಯಾಗುವುದೇ ಗಾಳಿಯ ತೇವದಿಂದ. ಮಳೆಗಾಲದಲ್ಲಿ ಬೇಗ ಹಿಡಿಯುತ್ತದೆ, ಆದರೆ ಸುತ್ತ ಬಿಳಿ ಬೂದಿಯಂಥ ಮಬ್ಬು ಕೂರುತ್ತದೆ. ಹೆಚ್ಚು ಹಾಕಿದಷ್ಟೂ ಮಬ್ಬು ಹೆಚ್ಚು. ಗುಂಡುಸೂಜಿಯ ತುದಿಯಲ್ಲಿ ಒಂದು ಚುಕ್ಕೆ ಇಡಿ, ಫ್ಯಾನ್ ಕೆಳಗೆ ಒಣಗಿಸಿ. ಬಣ್ಣ ಹಚ್ಚುವ ಮೊದಲೇ ಮಬ್ಬಾದರೆ ಚಿಂತೆಯಿಲ್ಲ, ಪ್ರೈಮರ್ (ಬಣ್ಣ ಹಿಡಿಯಲೆಂದು ಮೊದಲು ಕೊಡುವ ಪದರ) ಮುಚ್ಚುತ್ತದೆ. ಬಣ್ಣ ಹಚ್ಚಿದ ಮೇಲೆ ಆದರೆ ಆ ಜಾಗಕ್ಕೆ ಮತ್ತೆ ಬಣ್ಣವೇ ಗತಿ.

ಲೋಹದ ಕುದುರೆಯ ಮೇಲೆ ಲೋಹದ ಸವಾರ, ಉದ್ದ ಈಟಿ, ಇಂಥ ಕಡೆ ಬರೀ ಅಂಟು ನಿಲ್ಲುವುದಿಲ್ಲ. 1 ಮಿ.ಮೀ ಕೈ ಡ್ರಿಲ್‌ನಿಂದ ಎರಡೂ ಕಡೆ 3–4 ಮಿ.ಮೀ ತೂತು ಕೊರೆದು, ಪೇಪರ್ ಕ್ಲಿಪ್ಪಿನ ತಂತಿ ತುಂಡು ಕೂರಿಸಿ ಅಂಟಿಸಿ. ಸಂದು ಬಿಟ್ಟಿದ್ದರೆ ಎಂ-ಸೀಲ್‌ನ ಎರಡೂ ಮುದ್ದೆ ಸಮ ತೆಗೆದು, ಬಣ್ಣ ಒಂದಾಗುವವರೆಗೆ ನಾದಿ, ಒದ್ದೆ ಬೆರಳಿನಲ್ಲಿ ಒತ್ತಿ. ತರಿ ಇರುವ ವಸ್ತು ಅದು, ಮೂಗು ಕಿವಿ ತಿದ್ದಲು ಬಾರದು.

ಗೊಂಬೆ ಬಂದ ಕೂಡಲೇ ಬಣ್ಣ ಹಚ್ಚಬಹುದೇ?

ಇಲ್ಲ. ಅಚ್ಚಿನಿಂದ ಬಿಡಿಸಲು ಬಳಿದ ಜಿಡ್ಡು ಮೇಲಿರಬಹುದು. ಉಗುರುಬೆಚ್ಚನೆ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿ, ಟೂತ್‌ಬ್ರಶ್‌ನಿಂದ ಮೆಲ್ಲಗೆ ತಿಕ್ಕಿ, ರಾತ್ರಿಯಿಡೀ ಒಣಗಿಸಿ. ಅಚ್ಚಿನ ಎರಡು ಹೋಳು ಕೂಡಿದಲ್ಲಿ ಎದ್ದಿರುವ ಗೆರೆಯನ್ನು ಚಾಕುವಿನ ಬೆನ್ನಿನಿಂದ ಕೆರೆಯಿರಿ, ಅಲಗಿನಿಂದ ಬೇಡ. ಈ ಗೆರೆ ಬಿಟ್ಟರೆ ಮೇಲೆ ಎಷ್ಟು ಚೆಂದ ಹಚ್ಚಿದರೂ ವಾಶ್ (ನೆರಳಿಗೆಂದು ಹರಿಸುವ ನೀರಾದ ಕಡುಬಣ್ಣ) ಹೋಗಿ ಅಲ್ಲೇ ಕೂತು, ಭುಜದ ಮೇಲೆ ಹೊಲಿಗೆ ಹಾಕಿದ ಹಾಗೆ ಎದ್ದು ಕಾಣುತ್ತದೆ. ಮೆತ್ತನೆಯ 1/72 ಗೊಂಬೆಗೆ ಕೆರೆಯುವುದು ಬೇಡ, ನಾರು ಏಳುತ್ತದೆ. ಹೊಸ ಅಲಗಿನಿಂದ ತೆಳ್ಳಗೆ ಕೊಯ್ದುಬಿಡಿ.

ಮಳೆಗಾಲದಲ್ಲಿ ಪ್ರೈಮರ್ ಸ್ಪ್ರೇ ಮಾಡಿದರೆ ಮೈಯೆಲ್ಲ ಮರಳು ಮರಳು. ಯಾಕೆ?

ಸ್ಪ್ರೇ ಡಬ್ಬದಿಂದ ಹೊರಟ ದ್ರಾವಕ ಆರುವಾಗ ಸುತ್ತಲಿನ ಗಾಳಿಯನ್ನು ತಣ್ಣಗೆ ಮಾಡುತ್ತದೆ. ಗಾಳಿಯಲ್ಲಿ ಮೊದಲೇ ನೀರು ತುಂಬಿದ್ದರೆ ಆ ತಂಪಿಗೆ ಅದು ಬಣ್ಣದ ಪದರದ ಮೇಲೆಯೇ ಇಬ್ಬನಿಯಾಗಿ ಕೂರುತ್ತದೆ, ಮಬ್ಬು ಬರುವುದು ಹಾಗೆ. ಮರಳು ಬರುವುದಕ್ಕೆ ಕಾರಣ ಬೇರೆ. ದೂರದಿಂದ ಹೊಡೆದಾಗ ಹನಿ ಗೊಂಬೆ ಮುಟ್ಟುವ ಮೊದಲೇ ಒಣಗಿರುತ್ತದೆ. ಇದು ಮಳೆಗಾಲಕ್ಕಿಂತ ಏಪ್ರಿಲ್‌ನಲ್ಲಿ ಅರಸೀಕೆರೆ, ಕಡೂರಿನ ಕಡೆ ಹೆಚ್ಚು. ಎರಡೂ ಒಟ್ಟಿಗೆ ಆದರೆ ಡಬ್ಬ ಸರಿಯಾಗಿ ಕುಲುಕಿಲ್ಲ ಎಂದು ತಿಳಿಯಿರಿ.

ಕ್ರಮ ಹೀಗೆ: ಡಬ್ಬವನ್ನು ಪೂರ್ತಿ ಎರಡು ನಿಮಿಷ ಗಡಿಯಾರ ನೋಡಿ ಕುಲುಕಿ. ಗೊಂಬೆಗಳನ್ನು ಮರದ ಪಟ್ಟಿಯ ಮೇಲೆ ಎರಡು ಬದಿ ಅಂಟುವ ಟೇಪಿನಲ್ಲಿ ನಿಲ್ಲಿಸಿ, 20–25 ಸೆಂ.ಮೀ ದೂರದಿಂದ ಹೊಡೆಯಿರಿ. ಗೊಂಬೆಯ ಆಚೆ ಒತ್ತಲು ಶುರು ಮಾಡಿ ಈಚೆ ಬಂದು ಬಿಡಿ. ಎರಡು ತೆಳು ಸುತ್ತು, ನಡುವೆ ಹತ್ತು ನಿಮಿಷ. ಕಾರಿಗೆ ಹೊಡೆಯುವ ಬೂದು ಪ್ರೈಮರ್ ಆಗುತ್ತದೆ, ಆದರೆ ದಪ್ಪ. ಅದರ ದ್ರಾವಕ ಪಾಲಿಸ್ಟೈರೀನನ್ನು ತಿನ್ನಲೂಬಹುದು, ಗೊಂಬೆ ಬಿಡಿಸಿದ ಮೇಲೆ ಉಳಿದ ಚೌಕಟ್ಟಿನ ಕಡ್ಡಿಗೆ ಮೊದಲು ಹೊಡೆದು ಒಂದು ದಿನ ನೋಡಿ. ಸ್ಪ್ರೇ ಡಬ್ಬ ಬೇಗ ಉರಿ ಹತ್ತುವ ಸರಕು, ವಿಮಾನದ ಪಾರ್ಸೆಲ್‌ನಲ್ಲಿ ಸಾಗಿಸಲು ಬಿಡುವುದಿಲ್ಲ. ಹೊರಗಿಂದ ತರಿಸುವ ಆಸೆ ಬಿಡಿ.

ಪುನರ್ವಸು, ಪುಷ್ಯ ಮಳೆ ಹಿಡಿದು ವಾರಗಟ್ಟಲೆ ಬಿಡದಿದ್ದಾಗ ಸ್ಪ್ರೇ ಮುಟ್ಟಲೇಬೇಡಿ. ಕುಂಚದಲ್ಲಿ ಹಚ್ಚುವ ಆಕ್ರಿಲಿಕ್ ಪ್ರೈಮರ್, ಇಲ್ಲವೇ ಚಿತ್ರಕಾರರು ಕ್ಯಾನ್ವಾಸಿಗೆ ಮೊದಲು ಬಳಿಯುವ ಜೆಸ್ಸೋಗೆ ಮೂರಕ್ಕೆ ಒಂದು ಭಾಗ ನೀರು ಬೆರೆಸಿ, ಎರಡು ತೆಳು ಪದರ ಕೊಡಿ. ಮೊದಲ ಪದರ ತೇಪೆ ತೇಪೆಯಾಗಿ ಕಾಣುತ್ತದೆ, ಅಲ್ಲೇ ದಪ್ಪ ಮಾಡಲು ಹೋಗಬೇಡಿ. ಮೆತ್ತನೆಯ ಪ್ಲಾಸ್ಟಿಕ್ ಗೊಂಬೆಗಳಿಗೆ ಇದಕ್ಕೂ ಮುಂಚೆ ಫೆವಿಕಾಲ್ ಒಂದು ಭಾಗ, ನೀರು ಎರಡು ಭಾಗದ ಒಂದು ಕೈ ಹಚ್ಚಿದರೆ ಬಗ್ಗಿದಾಗ ಬಣ್ಣ ಏಳುವುದು ಕಡಿಮೆ.

ಬಣ್ಣ ಎಷ್ಟು ತೆಳುವಿರಬೇಕು?

ಹಾಲಿನ ಹದ. ದೋಸೆ ಹಿಟ್ಟಿನ ಹದವಾದರೆ ಕುಂಚದ ಗೆರೆ ಉಳಿದು ಮೂಗು ಬಾಯಿ ಮುಚ್ಚಿಹೋಗುತ್ತದೆ, ನೀರು ಮಜ್ಜಿಗೆಯಾದರೆ ಉಬ್ಬಿದ ಕಡೆಯಿಂದ ಜಾರಿ ಸಂದಿಗೆ ಓಡುತ್ತದೆ. ಟ್ಯೂಬಿನ ಬಣ್ಣಕ್ಕೆ ಸಮ ನೀರಿನಿಂದ, ಡ್ರಾಪರ್ ಬಣ್ಣಕ್ಕೆ ಎರಡು ಹನಿಗೊಂದು ಹನಿ ನೀರಿನಿಂದ ಶುರು ಮಾಡಿ. ಉಗುರಿನ ಮೇಲೆ ಒಂದು ಗೆರೆ ಎಳೆದು ನೋಡಿ. ಗೆರೆ ಹರಡದೆ ನಿಂತು, ಉಗುರು ಸ್ವಲ್ಪ ಕಾಣುತ್ತಿದ್ದರೆ ಹದ ಬಂತು. ಎರಡನೇ ಪದರಕ್ಕೆ ಮುಚ್ಚುತ್ತದೆ.

ನೀರು ಯಾವುದು ಎಂಬುದೂ ಮುಖ್ಯ. ಬಯಲು ಸೀಮೆಯ ಕಡೆ ಬೋರ್‌ವೆಲ್ ನೀರು ಗಡಸು, ವಾಶ್ ಒಣಗಿದಾಗ ಸಂದಿಯಲ್ಲಿ ಬಿಳಿ ಸುಣ್ಣದ ಕಲೆ ಬಿಡುತ್ತದೆ. ಬಣ್ಣಕ್ಕೆ ಬೆರೆಸಲು ಆರ್‌ಒ ನೀರು, ಇಲ್ಲವೇ ಸೋಸಿದ ಮಳೆನೀರು ಇಟ್ಟುಕೊಳ್ಳಿ. ಕುಂಚ ತೊಳೆಯಲು ಯಾವುದಾದರೂ ಆದೀತು.

ತಟ್ಟೆಯಲ್ಲಿ ಬಣ್ಣ ಒಣಗುತ್ತಿದ್ದರೆ ವೆಟ್ ಪ್ಯಾಲೆಟ್ ಮಾಡಿಕೊಳ್ಳಿ: ಬಿಗಿ ಮುಚ್ಚಳದ ಸ್ವೀಟ್ ಡಬ್ಬ, ತಳದಲ್ಲಿ ಒದ್ದೆ ಟಿಶ್ಯೂ ನಾಲ್ಕು ಮಡಿಕೆ, ಮೇಲೆ ಬಟರ್ ಪೇಪರ್. ಬೇಸಿಗೆಯಲ್ಲಿ ಇದು ವರ. ಮಳೆಗಾಲದಲ್ಲಿ ಮೂರನೇ ದಿನಕ್ಕೆ ಬೂಷ್ಟು ಬರುತ್ತದೆ, ಎರಡು ದಿನಕ್ಕೊಮ್ಮೆ ಟಿಶ್ಯೂ ಬದಲಿಸಿ.

ವಾಶ್ ಅಂದರೇನು? ಮನೆಯಲ್ಲೇ ಮಾಡಬಹುದೇ?

ನೀರಾದ ಕಡುಬಣ್ಣ. ಮೈಮೇಲೆ ಹರಿದು ಸಂದಿಯಲ್ಲಿ ನಿಂತು ನೆರಳು ಕೊಡುತ್ತದೆ. ಮ್ಯಾಟ್ ಮೀಡಿಯಂ (ಬಣ್ಣವಿಲ್ಲದ ಆಕ್ರಿಲಿಕ್ ದ್ರವ) 4 ಹನಿ, ನೀರು 4 ಹನಿ, ಬರ್ಂಟ್ ಅಂಬರ್ 1 ಹನಿ, ಕಪ್ಪು ಟೂತ್‌ಪಿಕ್ಕಿನ ತುದಿಯಷ್ಟು, ಪಾತ್ರೆ ಲಿಕ್ವಿಡ್ ಕೂಡ ಅಷ್ಟೇ. ಲಿಕ್ವಿಡ್ ಹೆಚ್ಚಾದರೆ ನೊರೆ ಬಂದು ಗುಳ್ಳೆಯ ಉಂಗುರ ಉಳಿಯುತ್ತದೆ. ಮೀಡಿಯಂ ಬಿಟ್ಟು ಬರೀ ನೀರಲ್ಲಿ ಮಾಡಿದರೆ ಸಂದಿಯಲ್ಲಿ ಕೂರದೆ ಅಂಚಿನಲ್ಲಿ ವರ್ತುಲ ಬಿಡುತ್ತದೆ. ಹಚ್ಚಿದ ಮೇಲೆ ಎಲ್ಲಾದರೂ ಕೆರೆ ಕಟ್ಟಿದ್ದರೆ ಒಣ ಕುಂಚದ ತುದಿ ಮುಟ್ಟಿಸಿ ಹೀರಿಸಿ. ಅರ್ಧ ಒಣಗಿದ ಮೇಲೆ ಮುಟ್ಟಿದರೆ ಕಿತ್ತು ಬರುತ್ತದೆ.

ನಮ್ಮವರ ಮೈಬಣ್ಣ ಸರಿಯಾಗಿ ಬರುವುದಿಲ್ಲ. ಒಂದೋ ಇಟ್ಟಿಗೆ, ಒಂದೋ ಬೂದಿ.

ಅಂಗಡಿಯ ‘ಸ್ಕಿನ್’ ಎಂಬ ಗುಲಾಬಿ ಬಣ್ಣಕ್ಕೆ ಕಂದು ಬೆರೆಸುತ್ತಿದ್ದೀರಿ. ಅದನ್ನು ಪೂರ್ತಿ ಬಿಡಿ. ಬರ್ಂಟ್ ಸಿಯೆನ್ನ 2, ಬರ್ಂಟ್ ಅಂಬರ್ 2, ಯೆಲ್ಲೋ ಓಕರ್ 1, ಇದು ತಳಬಣ್ಣ. ಒಣಗಿದ ಮೇಲೆ ಕಂದು ವಾಶ್. ಆಮೇಲೆ ತಳಬಣ್ಣಕ್ಕೆ ಇನ್ನೊಂದು ಭಾಗ ಓಕರ್ ಸೇರಿಸಿ ಮೂಗಿನ ಏಣು, ಕೆನ್ನೆ, ಭುಜ, ಮಂಡಿ, ಬೆರಳ ಗೆಣ್ಣುಗಳಿಗೆ. ಕೊನೆಗೆ ಅದಕ್ಕೆ ಒಂದೇ ಚುಕ್ಕೆ ಬಿಳಿ ಬೆರೆಸಿ ಮೂಗಿನ ತುದಿಗೂ ಭುಜದ ನೆತ್ತಿಗೂ ಮಾತ್ರ. ಬೂದಿಯಾಗುವುದು ಬಿಳಿಯಿಂದ, ಇಟ್ಟಿಗೆಯಾಗುವುದು ಸಿಯೆನ್ನ ಹೆಚ್ಚಾದಾಗ. ಇಡೀ ದಂಡಿಗೆ ಒಂದೇ ಮೈಬಣ್ಣ ಬೇಡ. ಮೂರು ಹದ ಮಾಡಿ ಹಂಚಿ, ಸಾಲು ಜೀವಂತವಾಗಿ ಕಾಣುತ್ತದೆ.

ಕಣ್ಣು? 15 ಮಿ.ಮೀ ಮತ್ತು 1/72ಗೆ ಕಣ್ಣು ಬರೆಯಬೇಡಿ, ವಾಶ್‌ನ ನೆರಳೇ ಕಣ್ಣು.

ಹೊಯ್ಸಳ ದಂಡಿಗೆ ಯಾವ ಬಣ್ಣ? ಕಲ್ಲಲ್ಲಿ ಬಣ್ಣವೇ ಇಲ್ಲವಲ್ಲ.

ಕಲ್ಲಿನಿಂದ ಬಣ್ಣ ಸಿಗುವುದಿಲ್ಲ, ಉಡುಗೆ ಮತ್ತು ಆಯುಧ ಸಿಗುತ್ತದೆ. ಅದಕ್ಕೆ ನಮ್ಮ ಜಿಲ್ಲೆಗಳಷ್ಟು ಅನುಕೂಲದ ಜಾಗ ಬೇರಿಲ್ಲ. ವಿಷ್ಣುವರ್ಧನ 1116ರಲ್ಲಿ ತಲಕಾಡು ಗೆದ್ದ, ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ 1117ರದ್ದು. ಹಳೇಬೀಡಿನ ಹೊಯ್ಸಳೇಶ್ವರದ ಗೋಡೆಯ ಪಟ್ಟಿಕೆಗಳಲ್ಲಿ ಕೆಳಗಿನಿಂದ ಆನೆ, ಸಿಂಹ, ಬಳ್ಳಿ, ಅದರ ಮೇಲೆ ಕುದುರೆ ಸವಾರರ ಸಾಲು. ಜೀನು, ಕಡಿವಾಣ, ಸವಾರನ ಕೂರುವ ಭಂಗಿಗೆ ಆ ಸಾಲು ನೋಡಿ. ಅದೇ ಆವರಣದಲ್ಲಿ ಎರಡನೆಯ ವೀರಬಲ್ಲಾಳನ ಅಂಗರಕ್ಷಕ ಕುವರ ಲಕ್ಷ್ಮನ ನೆನಪಿನ ಕಂಬವಿದೆ. ದಂಡನಾಯಕನ ತಳದಲ್ಲಿ ನಿಲ್ಲಿಸುವ ಗರುಡರಿಗೆ, ಅಂದರೆ ಇಂಥ ಅಂಗರಕ್ಷಕರಿಗೆ, ಅದು ಮಾದರಿ. ಕಾಲಾಳಿಗೆ ಊರೂರಲ್ಲಿ ನಿಂತಿರುವ ವೀರಗಲ್ಲುಗಳೇ ಮೇಲು. ಅದರಲ್ಲೂ ಕಾಳಗ ಇರುವ ಕೆಳಗಿನ ಪಟ್ಟಿಕೆ ಮಾತ್ರ ನಮಗೆ ಬೇಕು, ಅಪ್ಸರೆಯರೂ ಕೈಲಾಸವೂ ಮೇಲಿನವು. ಬೆಳಗ್ಗೆ ಅಥವಾ ಇಳಿಹೊತ್ತಿನ ಓರೆ ಬಿಸಿಲಿನಲ್ಲಿ ಫೋಟೊ ತೆಗೆಯಿರಿ. ನೆತ್ತಿಯ ಬಿಸಿಲಿನಲ್ಲಿ ಉಬ್ಬು ಚಪ್ಪಟೆಯಾಗುತ್ತದೆ.

ಇನ್ನು ಬಣ್ಣ. ಆ ಕಾಲಕ್ಕೆ ಒಗ್ಗುವುದು ಬಿಳುಪು ಮಾಡದ ಹತ್ತಿಯ ಕೆನೆಬಣ್ಣ, ನೀಲಿ ಗಿಡದ ನೀಲಿ, ಮಂಜಿಷ್ಠದ ಕೆಂಪು, ಅರಗಿನ ಕೆಂಪು, ಅರಿಶಿನ. ನಿಯಾನ್ ಹಸಿರು, ನೇರಳೆ ಬೇಡ. ಹತ್ತು ಕಾಲಾಳಲ್ಲಿ ಆರಕ್ಕೆ ಕೆನೆಬಣ್ಣ, ಇಬ್ಬರಿಗೆ ಕೆಂಪು, ಒಬ್ಬನಿಗೆ ನೀಲಿ, ಒಬ್ಬನಿಗೆ ಅರಿಶಿನ ಕೊಟ್ಟರೆ ಸಮವಸ್ತ್ರದ ಹಾಗೂ ಕಾಣುವುದಿಲ್ಲ, ಜಾತ್ರೆಯ ಹಾಗೂ ಕಾಣುವುದಿಲ್ಲ. ಕೆನೆಗೆ ಬಿಳಿ 4, ಓಕರ್ 1, ಅಂಬರ್ ಒಂದು ಚುಕ್ಕೆ. ಮೈಮೇಲಿನ ಒಡವೆ ಹೆಚ್ಚು ಎಂದು ಎಲ್ಲಕ್ಕೂ ಚಿನ್ನ ಬಳಿಯಬೇಡಿ. ನಾಯಕನಿಗೆ ಚಿನ್ನ, ಆಳುಗಳಿಗೆ ಕಂದು ಬೆರೆಸಿದ ಚಿನ್ನ, ಹಿತ್ತಾಳೆಯಂತೆ ಕೂರುತ್ತದೆ.

ಆನೆಗೆ ಬೂದು ಬಳಿದೆ. ಪ್ಲಾಸ್ಟಿಕ್ ಆನೆಯಾಗಿಯೇ ಉಳಿಯಿತು.

ಆನೆ ಬೂದಲ್ಲ. ಸಕಲೇಶಪುರ, ಆಲೂರು ಕಡೆ ತೋಟಕ್ಕೆ ಇಳಿಯುವ ಆನೆಯನ್ನು ದೂರದಿಂದ ಕಂಡವರಿಗೆ ಗೊತ್ತು, ಅದರ ಬಣ್ಣ ಅದು ಮೈಮೇಲೆ ಎರಚಿಕೊಂಡ ಮಣ್ಣಿನದು.

ಕಪ್ಪು 2, ಬರ್ಂಟ್ ಅಂಬರ್ 2, ಬಿಳಿ 1 ತಳಬಣ್ಣ. ಒಣಗಿದ ಮೇಲೆ ಕಪ್ಪು-ಕಂದು ವಾಶ್, ಮೊಣಕಾಲಿನ ಮಡಿಕೆ, ಸೊಂಡಿಲಿನ ಸುಕ್ಕಿಗೆ ಚೆನ್ನಾಗಿ ಇಳಿಯಲಿ. ರಾತ್ರಿಯಿಡೀ ಒಣಗಿಸಿ. ಆಮೇಲೆ ಡ್ರೈಬ್ರಶ್: ಚಪ್ಪಟೆ ಕುಂಚದಲ್ಲಿ ತಿಳಿ ಬೂದು-ಕಂದು ಅದ್ದಿ, ಕಾಗದದ ಮೇಲೆ ಒರೆಸುತ್ತ ಹೋಗಿ. ಬಣ್ಣ ಮುಗಿದೇ ಹೋಯಿತು ಅನ್ನಿಸಿದಾಗ ಸುಕ್ಕಿಗೆ ಅಡ್ಡಲಾಗಿ ಆಡಿಸಿ. ಸುಕ್ಕಿನ ಏಣು ಮಾತ್ರ ಹಿಡಿಯುತ್ತದೆ. ಕೆಳಗಿನ ಕಾಲುಭಾಗಕ್ಕೆ, ಹೊಟ್ಟೆಗೆ ತಳದಲ್ಲಿ ಬಳಸಿದ ಮಣ್ಣಿನ ಬಣ್ಣವನ್ನೇ ಹೀಗೆ ಹಚ್ಚಿ.

ಜೀವ ತುಂಬುವುದು ಇನ್ನೊಂದು. ಏಷ್ಯಾದ ಆನೆಗೆ ವಯಸ್ಸಾದಂತೆ ಕಿವಿಯ ಅಂಚು, ಸೊಂಡಿಲಿನ ಬುಡದಲ್ಲಿ ಬಣ್ಣ ಹೋಗಿ ತೆಳುಗೆಂಪು ಮಚ್ಚೆ ಮೂಡುತ್ತದೆ. ಮೈಬಣ್ಣಕ್ಕೆ ಬಿಳಿ, ಚೂರು ಕೆಂಪು ಬೆರೆಸಿ, ಸ್ಪಂಜಿನ ಚೂರನ್ನು ಇಕ್ಕಳದಲ್ಲಿ ಹಿಡಿದು, ಕಿವಿಯ ಕೆಳ ಅಂಚಿಗೆ ನಾಲ್ಕೈದು ಸಲ ತಟ್ಟಿ. ಮೇಲೆ ಚೂಪು ಕುಂಚದಲ್ಲಿ ತಳಬಣ್ಣದ ಚುಕ್ಕೆ ಹತ್ತಿಪ್ಪತ್ತು. ಮುಗಿಯಿತು, ಆನೆ ನಿಮ್ಮನ್ನು ನೋಡಲು ಶುರು ಮಾಡುತ್ತದೆ. ದಂತಕ್ಕೆ ಬರೀ ಬಿಳಿ ಬೇಡ. ಕೆನೆ ಹಚ್ಚಿ, ಬುಡಕ್ಕೆ ಕಂದು ವಾಶ್ ಕೊಡಿ.

ಟಿಪ್ಪು ಕಾಲದ ಮೈಸೂರು ದಂಡು ಕಟ್ಟಬಹುದೇ?

ಧಾರಾಳವಾಗಿ. ಎದುರಾಳಿಗೆ ಈಸ್ಟ್ ಇಂಡಿಯಾ ಕಂಪನಿಯ ಕೆಂಪು ಕೋಟು ಸುಲಭವಾಗಿ ಸಿಗುತ್ತದೆ ಎಂಬುದೇ ದೊಡ್ಡ ಅನುಕೂಲ. ಟಿಪ್ಪುವಿನ ಕಾಲಾಳುಗಳ ಹುಲಿಪಟ್ಟೆ ಉಡುಪಿಗೆ ಹೆದರಬೇಡಿ. ನಿಜವಾದ ಪಟ್ಟೆ ಈ ಅಳತೆಯಲ್ಲಿ ಕಾಣುವುದೇ ಇಲ್ಲ, ನೀಲಿ-ನೇರಳೆ ತಳದ ಮೇಲೆ ತಿಳಿಬಣ್ಣದ ಗಿಡ್ಡ ಅಡ್ಡಗೆರೆಗಳನ್ನು ಬಿಟ್ಟು ಬಿಟ್ಟು ಎಳೆದರೆ ಮೂರಡಿ ದೂರದಿಂದ ಪಟ್ಟೆಯಾಗುತ್ತದೆ. ರಾಕೆಟ್ ನೀವೇ ಮಾಡಬಹುದು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಬಾವಿಯಲ್ಲಿ ಸಿಕ್ಕ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳ ಕಬ್ಬಿಣದ ಕೊಳವೆ 23–26 ಸೆಂ.ಮೀ ಉದ್ದದವು. 1/72ಗೆ ಇಳಿಸಿದರೆ ಮೂರೂವರೆ ಮಿ.ಮೀ. ವೈರಿನ ಮೇಲಿನ ಪ್ಲಾಸ್ಟಿಕ್ ಸಿಪ್ಪೆಯನ್ನು ಅಷ್ಟಕ್ಕೆ ಕತ್ತರಿಸಿ, ತೆಂಗಿನ ಪೊರಕೆ ಕಡ್ಡಿ ಸೀಳಿ ಬಿದಿರುಕೋಲಿನಂತೆ ಅಂಟಿಸಿ.

ತಳಕ್ಕೆ ಕಾಫಿ ಚರಟ ಹಾಕಿದೆ. ಬೂಷ್ಟು ಬಂತು!

ಬರಲೇಬೇಕು, ಹಸಿ ಚರಟವಲ್ಲವೇ. ಫಿಲ್ಟರಿನಿಂದ ತೆಗೆದ ಚರಟ ಎರಡು ದಿನ ಬಿಸಿಲು ಕಂಡರೂ ಒಳಗೆ ತೇವ ಉಳಿಸಿಕೊಳ್ಳುತ್ತದೆ. ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ, ಬೆರಳಲ್ಲಿ ಹಿಸುಕಿದರೆ ಉಂಡೆ ಕಟ್ಟದೆ ಉದುರುವವರೆಗೆ ಹುರಿಯಿರಿ. ಚಿಕೋರಿ ಬೆರೆತ ಪುಡಿಯ ಚರಟ ಜಿಗುಟು, ಅದು ಬೇಡ. ಆರಿದ ಮೇಲೆ ಸಣ್ಣ ಜರಡಿಯಲ್ಲಿ ಹಿಡಿದ ಮರಳು ಎರಡು ಪಾಲು, ಚರಟ ಒಂದು ಪಾಲು ಬೆರೆಸಿ. ತಳಕ್ಕೆ ಫೆವಿಕಾಲ್ ಬಳಿದು ಮಿಶ್ರಣದಲ್ಲಿ ಒತ್ತಿ, ಒಂದು ರಾತ್ರಿ ಬಿಡಿ. ಮರುದಿನ ಫೆವಿಕಾಲ್-ನೀರು ಸಮ ಬೆರೆಸಿ ಮೇಲಿಂದ ಹನಿಸಿ ಪೂರ್ತಿ ನೆನೆಸಿ. ಈ ಎರಡನೇ ಹಂತ ಬಿಟ್ಟವರದ್ದೇ ಬೂಷ್ಟಿನ ದೂರು. ಮೇಲೆ ಬಣ್ಣವೂ ಹಚ್ಚಬೇಕು, ಹುರಿದ ಚರಟ ತನ್ನ ಬಣ್ಣದಲ್ಲೇ ಚೆನ್ನಾಗಿದೆ ಎಂದು ಬಿಟ್ಟರೆ ಮುಂದಿನ ಮಳೆಗಾಲಕ್ಕೆ ಅದು ತೇವ ಎಳೆಯುತ್ತದೆ.

ಜಂಬಿಟ್ಟಿಗೆ ಪುಡಿ ಮಲೆನಾಡಿನ ಕೆಂಪು ನೆಲಕ್ಕೆ ಅಚ್ಚುಕಟ್ಟು. ಹುಲ್ಲಿಗೆ ತೆಂಗಿನ ನಾರನ್ನು 4–5 ಮಿ.ಮೀ ಕತ್ತರಿಸಿ ಕಂತೆಯಾಗಿ ನೆಡಿ. ಬೆಣಚುಕಲ್ಲಿಗೆಂದು ರಾಗಿ, ಸಾಸಿವೆ ಅಂಟಿಸಬೇಡಿ, ಹುಳ ಬೀಳುತ್ತದೆ, ಹಿಂದೆಯೇ ಇರುವೆ.

ತಳದ ತಟ್ಟೆ ಯಾವುದರದ್ದು?

ಒಂಟಿ ಗೊಂಬೆಗೆ ಹಾರ್ಡ್‌ವೇರ್ ಅಂಗಡಿಯ ಕಬ್ಬಿಣದ ವಾಶರ್. ಎಂ12ರ ಹೊರ ಅಳತೆ 24 ಮಿ.ಮೀ, ಎಂ16ರದ್ದು 30 ಮಿ.ಮೀ. ತೂತಿನ ಮೇಲೆ ಟೇಪು ಹಾಕಿ. ಭಾರಕ್ಕೆ ಗೊಂಬೆ ಬೀಳುವುದಿಲ್ಲ, ಆಯಸ್ಕಾಂತಕ್ಕೂ ಅಂಟುತ್ತದೆ. ನಾಣ್ಯ ಬಳಸುವವರಿದ್ದಾರೆ, ನಾಣ್ಯ ಕೆಡಿಸುವುದು ಕಾನೂನಿಗೆ ವಿರುದ್ಧ. ಗುಂಪಿನ ತಳಕ್ಕೆ 2 ಅಥವಾ 3 ಮಿ.ಮೀ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ). ನಾಮಫಲಕ, ಟ್ರೋಫಿ ಮಾಡುವ ಕಡೆ ಲೇಸರ್ ಕಟಿಂಗ್ ಇದ್ದರೆ ಅಳತೆ ಬರೆದು ಕೊಟ್ಟರೆ ಆಯಿತು. ಎಂಡಿಎಫ್ ಒಂದೇ ಬದಿಗೆ ಒದ್ದೆಯಾದರೆ ಬಾಳೆ ಎಲೆಯಂತೆ ಸುರುಳಿಯಾಗುತ್ತದೆ, ಮಣ್ಣು ಅಂಟಿಸುವ ಮೊದಲು ಎರಡೂ ಬದಿಗೆ, ಅಂಚಿಗೆ ಬಣ್ಣ ಕೊಡಿ. ಗೆದ್ದಲಿನ ಕಾಟ ಇರುವ ಮನೆಯಲ್ಲಿ ಇದು ಇನ್ನೂ ಮುಖ್ಯ.

ವಾರ್ನಿಷ್ ಹೊಡೆದ ಮೇಲೆ ಎಲ್ಲ ಬೆಳ್ಳಗೆ ಮಂಜು. ಇನ್ನು ಹೋಯಿತೇ?

ಹೋಗಿಲ್ಲ. ಒಣ ದಿನ ನೋಡಿ ಕುಂಚದಲ್ಲಿ ಹೊಳಪಿನ (ಗ್ಲಾಸ್) ವಾರ್ನಿಷ್ ತೆಳುವಾಗಿ ಒಂದು ಕೈ ಹಚ್ಚಿ, ಹೆಚ್ಚಿನ ಸಲ ಮಂಜು ತಿಳಿಯಾಗುತ್ತದೆ. ಒಣಗಿದ ಮೇಲೆ ಕುಂಚದಲ್ಲೇ ಮ್ಯಾಟ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಪ್ರೇ ವಾರ್ನಿಷ್ ಡಬ್ಬವನ್ನು ಅಟ್ಟಕ್ಕೆ ಹಾಕಿಬಿಡಿ. ಮ್ಯಾಟ್ ಬಾಟಲಿಯನ್ನು ಪ್ರತಿ ಸಲ ಚೆನ್ನಾಗಿ ಕುಲುಕಬೇಕು, ಹೊಳಪು ಕೊಲ್ಲುವ ಪುಡಿ ತಳದಲ್ಲಿ ಕೂತಿರುತ್ತದೆ.

ಕುಂಚದ ತುದಿ ಒಂದೇ ತಿಂಗಳಿಗೆ ಕವಲೊಡೆಯುತ್ತದೆ.

ಲೋಹದ ಕುತ್ತಿಗೆಯವರೆಗೆ ಬಣ್ಣ ಏರುತ್ತಿದೆ. ಕೂದಲಿನ ಅರ್ಧಕ್ಕಿಂತ ಮೇಲೆ ಅದ್ದಬೇಡಿ. ಲೋಹದ ಬಣ್ಣಕ್ಕೆ, ಡ್ರೈಬ್ರಶ್‌ಗೆ ಹಳೆಯ ಕುಂಚ. ಬಿಸಿನೀರಿನಲ್ಲಿ ತೊಳೆದರೆ ಒಳಗಿನ ಅಂಟು ಬಿಡುತ್ತದೆ. ಮುಗಿದ ಮೇಲೆ ಮೈಸೋಪಿಗೆ ತಿರುವಿ ತುದಿ ಕೂಡಿಸಿ ಮಲಗಿಸಿಡಿ. ಸೊನ್ನೆ ಸೊನ್ನೆ ಸೊನ್ನೆ ನಂಬರಿನ ಕುಂಚಕ್ಕೆ ಆಸೆಪಡಬೇಡಿ, ಅದರಲ್ಲಿ ನಿಲ್ಲುವ ಹನಿ ಗೊಂಬೆ ಮುಟ್ಟುವ ಮೊದಲೇ ಒಣಗುತ್ತದೆ. ತುದಿ ಚೂಪಾದ 1ನೇ ನಂಬರೇ ಕಣ್ಣಿಗೂ ಸಾಕು.

ಬಣ್ಣ ಕೆಟ್ಟಿತು. ತೆಗೆಯುವುದು ಹೇಗೆ?

ಗಾಜಿನ ಬಾಟಲಿಯಲ್ಲಿ ನೀರು ಬೆರೆಸದ ಡೆಟಾಲ್, ಗಟ್ಟಿ ಪ್ಲಾಸ್ಟಿಕ್ ಮತ್ತು ಲೋಹದ ಗೊಂಬೆ ಒಂದು ದಿನ ಮುಳುಗಿರಲಿ. ಕೈಗವಸು ಹಾಕಿ ಟೂತ್‌ಬ್ರಶ್ಶನ್ನೂ ಡೆಟಾಲ್‌ನಲ್ಲೇ ಅದ್ದಿ ತಿಕ್ಕಿ. ಬಣ್ಣ ಪೂರ್ತಿ ಬಿಡುವ ಮೊದಲು ನೀರು ತಾಗಿದರೆ ಎಲ್ಲ ಹಲಸಿನ ಮೇಣದಂತಾಗಿ ಸಂದಿಗೆ ಅಂಟಿಕೊಳ್ಳುತ್ತದೆ. ನೀರು ಕೊನೆಗೆ. ಉಗುರಿನ ಬಣ್ಣ ತೆಗೆಯುವ ಅಸಿಟೋನ್ ಪ್ಲಾಸ್ಟಿಕ್ ಗೊಂಬೆಯನ್ನೇ ಕರಗಿಸುತ್ತದೆ.

3ಡಿ ಪ್ರಿಂಟರ್ ತಗೊಂಡರೆ ಲಾಭವೇ?

ಹೊಯ್ಸಳ ಸವಾರನಂಥ, ಎಲ್ಲೂ ಸಿಗದ ಗೊಂಬೆ ಬೇಕಿದ್ದರೆ ಹೌದು. ರೆಸಿನ್ ಪ್ರಿಂಟರ್ ಬೇಕು, ಪ್ಲಾಸ್ಟಿಕ್ ತಂತಿ ಕರಗಿಸಿ ಮಾಡುವ ಪ್ರಿಂಟರ್ ಕೋಟೆ-ಮನೆಗೆ ಸರಿ. 0.05 ಮಿ.ಮೀ ಪದರ ಸಾಕಷ್ಟು ನಯ. ಡಿಸೆಂಬರ್, ಜನವರಿಯ ಬೆಳಗಿನ ಚಳಿಗೆ ರೆಸಿನ್ ಮಂದವಾಗಿ ಪ್ರಿಂಟ್ ತಟ್ಟೆಯಿಂದ ಕಳಚುತ್ತದೆ. ಬಾಟಲಿಯನ್ನು ಬೆಚ್ಚನೆ ನೀರಿನಲ್ಲಿ ಇಟ್ಟು, ಕುಲುಕಿ, ಕೋಣೆ 25 ಡಿಗ್ರಿ ಆಸುಪಾಸು ಇದ್ದಾಗ ಪ್ರಿಂಟ್ ಶುರು ಮಾಡಿ. ನೈಟ್ರೈಲ್ ಗ್ಲೌಸ್ ಇಲ್ಲದೆ ಹಸಿ ರೆಸಿನ್ ಮುಟ್ಟಬೇಡಿ. ಪ್ರಿಂಟ್ ತೊಳೆದ ಐಸೊಪ್ರೊಪೈಲ್ ಆಲ್ಕೊಹಾಲನ್ನು ಬಚ್ಚಲಿಗೂ ತೋಟಕ್ಕೂ ಚೆಲ್ಲಬೇಡಿ. ಪಾರದರ್ಶಕ ಡಬ್ಬದಲ್ಲಿ ಬಿಸಿಲಿಗಿಟ್ಟರೆ ರೆಸಿನ್ ಗಟ್ಟಿಯಾಗಿ ತಳಕ್ಕಿಳಿಯುತ್ತದೆ, ಸೋಸಿ ತೆಗೆಯಬಹುದು. ಅಡುಗೆಮನೆಯಲ್ಲಿ ಪ್ರಿಂಟರ್ ಬೇಡವೇ ಬೇಡ.

ಮಂಜರಾಬಾದ್ ಕೋಟೆ ಮಾಡಬೇಕೆಂದಿದ್ದೇನೆ, ಥರ್ಮಕೋಲ್‌ನಲ್ಲಿ ಆಗುತ್ತದೆಯೇ?

1792ರ ಆ ಎಂಟು ಮೂಲೆಯ ನಕ್ಷತ್ರ ಮೇಜಿಗೆ ಬಹಳ ಚೆಂದ, ಆದರೆ ಥರ್ಮಕೋಲ್ ಕತ್ತರಿಸಿದಲ್ಲೆಲ್ಲ ಕಾಳು ಉದುರುತ್ತದೆ, ಸ್ಪ್ರೇ ಬಣ್ಣಕ್ಕೂ ಫೆವಿಕ್ವಿಕ್‌ಗೂ ಕರಗುತ್ತದೆ. ಒತ್ತಾದ ಎಕ್ಸ್‌ಪಿಎಸ್ ಫೋಮ್ ಹಾಳೆ ಸಿಕ್ಕರೆ ಅದೇ ಮೇಲು. ಸಿಗದಿದ್ದರೆ ಥರ್ಮಕೋಲ್ ಮೇಲೆ ಗೋಡೆ ಪುಟ್ಟಿಗೆ ಫೆವಿಕಾಲ್ ಬೆರೆಸಿ ಎರಡು ಪದರ ಬಳಿದು, ಅರ್ಧ ಒಣಗಿದಾಗ ಪೆನ್ಸಿಲ್‌ನಿಂದ ಕಲ್ಲಿನ ಗೆರೆ ಕೊರೆಯಿರಿ. ಇಡೀ ಕೋಟೆ ಮಾಡಿದರೆ ಮೇಜೇ ತುಂಬುತ್ತದೆ, ಎರಡು ಕೋನ, ನಡುವಿನ ಗೋಡೆ ಸಾಕು. ಹೊಯ್ಸಳ ಗುಡಿಗಾದರೆ ಬೂದು ಬಣ್ಣಕ್ಕೆ ಒಂದು ಚುಕ್ಕೆ ಹಸಿರು ಬೆರೆಸಿ, ಬಳಪದ ಕಲ್ಲಿನ ಬಣ್ಣ ಬರುತ್ತದೆ.

ಬಸ್ಸಿನಲ್ಲಿ ತೆಗೆದುಕೊಂಡು ಹೋಗುವುದು ಹೇಗೆ?

ತಳದ ಅಡಿಗೆ 5 ಮಿ.ಮೀ ಅಗಲ, 1 ಮಿ.ಮೀ ದಪ್ಪದ ನಿಯೋಡಿಮಿಯಂ ಆಯಸ್ಕಾಂತ, ಬಿಸ್ಕತ್ತಿನ ತಗಡಿನ ಡಬ್ಬ. ಚಾರ್ಮಾಡಿ ಘಾಟಿಯ ತಿರುವುಗಳಲ್ಲೂ ಅಲ್ಲಾಡುವುದಿಲ್ಲ. ವಾಶರ್ ತಳದವಕ್ಕೆ ಡಬ್ಬದ ಒಳಗೆ ಆಯಸ್ಕಾಂತದ ಹಾಳೆ ಹಾಸಿ. ಸ್ಟೀಲ್ ಟಿಫಿನ್ ಡಬ್ಬ ತಗೊಳ್ಳುವ ಮೊದಲು ಆಯಸ್ಕಾಂತ ಹಿಡಿದು ನೋಡಿ, ಒಳ್ಳೆಯ ಸ್ಟೇನ್‌ಲೆಸ್ ಸ್ಟೀಲ್‌ಗೆ ಬಹುತೇಕ ಅಂಟುವುದೇ ಇಲ್ಲ. ಮನೆಯಲ್ಲಿ ಗಾಜಿನ ಕಪಾಟಿನ ಮೂಲೆಗೆ ಸಿಲಿಕಾ ಜೆಲ್ ಪೊಟ್ಟಣ. ಮಕ್ಕಳಿರುವ ಮನೆಯಲ್ಲಿ ಬಿಡಿ ಆಯಸ್ಕಾಂತ ಎತ್ತಿಡಿ, ಎರಡು ನುಂಗಿದರೆ ಕರುಳಿಗೆ ಅಪಾಯ.

ಹೊಸ ಡಬ್ಬ ಯಾವಾಗ ತಗೊಳ್ಳಲಿ?

ಹಳೆಯ ಡಬ್ಬದ ಕೊನೆಯ ಗೊಂಬೆಯ ತಳಕ್ಕೆ ಮಣ್ಣು ಅಂಟಿಸಿದ ಮೇಲೆ.

ದಸರಾ ಗೊಂಬೆ ಜೊತೆ ನಮ್ಮ ದಂಡನ್ನೂ ಕೂರಿಸಬಹುದೇ?

ಕೂರಿಸಿ, ಮೆರವಣಿಗೆಯ ಸಾಲಿಗೆ ಇದಕ್ಕಿಂತ ಒಳ್ಳೆಯ ಆನೆ-ಕುದುರೆ ಎಲ್ಲಿದೆ? ಮೇಲಿನ ಮೆಟ್ಟಿಲು ಹೇಗೂ ಪಟ್ಟದ ಗೊಂಬೆಯದು. ದೀಪ, ಕರ್ಪೂರದ ಹತ್ತಿರದ ಮೆಟ್ಟಿಲು ಬಿಟ್ಟು ಪಕ್ಕದ ಮೂಲೆ ಹಿಡಿಯಿರಿ, ಮ್ಯಾಟ್ ವಾರ್ನಿಷ್ ಮೇಲೆ ಕೂತ ಮಸಿ ಒರೆಸಿದರೆ ಇನ್ನಷ್ಟು ಒಳಗೆ ಇಳಿಯುತ್ತದೆ. ಅರಿಶಿನ-ಕುಂಕುಮ ಎರಚುವವರಿಗೆ ಮೊದಲೇ ಹೇಳಿಡಿ.